ಐದು ಅಪಘಾತಗಳ ಕಾಲಂ

"ಒಂದೂ ಇಲ್ವಾ ಮಾರಾಯ್ತಿ?" ರಘುರಾಮರು ಕೇಳಿದರು. ಅಪಘಾತ ಒಂದೂ ಆಗಿಲ್ಲವೆಂದು ಇಷ್ಟು ಬೇಸರಪಟ್ಟುಕೊಳ್ಳುವ ಮನುಷ್ಯನನ್ನು ಗಾರ್ಗಿ ಈ ಮೊದಲು ನೋಡಿರಲಿಲ್ಲ.

"ಒಂದೂ ಇಲ್ಲ ಅಂಕಲ್. ರೂಲ್ಸ್ ಪ್ರಕಾರ ಒಂದು ವರ್ಷದಲ್ಲಿ ಐದು ಆಗಿರ್ಬೇಕು. ಇಲ್ಲಾಂದ್ರೆ ಗಾಡಿಗಳಾದ್ರೂ ಜಾಸ್ತಿ ಇರ್ಬೇಕು, ಸ್ಪೀಡಾದ್ರೂ ಇರ್ಬೇಕು. ನಿಮ್ಮ ಕಾರ್ನರಲ್ಲಿ ಮೂರೂ ಇಲ್ಲ."

ಇಬ್ಬರೂ ನಿಂತಿದ್ದದ್ದು ಆ ಕೂಡುರಸ್ತೆಯ ಓಕ್ ಮರದ ಕೆಳಗೇ. ಅಡ್ಡರಸ್ತೆಯವರಿಗೆ, ಗಾಡಿ ಪೂರ್ತಿ ನಿಲ್ಲಿಸಿಯೇ ಮುಂದೆ ಹೋಗಬೇಕೆನ್ನುವ ಸ್ಟಾಪ್ ಸೈನ್ ಇತ್ತು. ಸರಟೋಗಾದ ಗುಡ್ಡದ ಕಡೆಯಿಂದ ಇಳಿದು ಬರುವವರಿಗೆ ಇರಲಿಲ್ಲ. ನಾಲ್ಕೂ ಕಡೆ ಬೇಕೆಂದು ಮನೆಮನೆಗೆ ಹೋಗಿ ಸಹಿ ಹಾಕಿಸಿ ಅರ್ಜಿ ಕೊಟ್ಟವರು ರಘುರಾಮರು. ಹಾಕಬೇಕೋ ಬೇಡವೋ ಎಂದು ಸಂಜೆಯ ಮೀಟಿಂಗಿಗೆ ಬರೆದುಕೊಡಬೇಕಾದವಳು ಸಿಟಿ ಆಫೀಸಿನ ಟ್ರಾಫಿಕ್ ಎಂಜಿನಿಯರ್ ಗಾರ್ಗಿ. ಹೋದ ಮಂಗಳವಾರ ರಸ್ತೆಗೆ ಅಡ್ಡಲಾಗಿ ಹಾಸಿದ್ದ ಕರಿಯ ರಬ್ಬರ್ ಕೊಳವೆ ಇಡೀ ದಿನ ಗಾಡಿ ಎಣಿಸಿ, ವೇಗ ಅಳೆದು, ಈ ಇಳಿಜಾರಿನಲ್ಲಿ ಕಾರುಗಳು ಮದುವೆ ದಿಬ್ಬಣದ ಹಾಗೆ ಮೆಲ್ಲಗೆ ಇಳಿಯುತ್ತವೆ ಎಂದು ಹೇಳಿತ್ತು. ಅವಳಿಗೆ ನಂಬಿಕೆ ಬಂದಿರಲಿಲ್ಲ. ಅದಕ್ಕೇ ನೋಡಲು ಬಂದಿದ್ದಳು.

"ಮಂಗಳವಾರ ನೀವು ಇಲ್ಲಿದ್ರಾ?"

"ಇಲ್ಲದೆ ಎಂತ? ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ. ಊಟಕ್ಕೂ ಹೋಗ್ಲಿಲ್ಲ." ಅವರು ಜೇಬಿನಿಂದ ದಾರ ಕಟ್ಟಿದ ಹಳೆಯ ವಿಸಿಲು ತೆಗೆದರು. "ಬಾಕಿ ದಿನ ಶಾಲೆ ಬಿಡುವ ಹೊತ್ತಿಗೆ ಮಾತ್ರ ನಿಂತು ಊದುದು. ಆವತ್ತು ಇಡೀ ದಿನ ಊದಿ ಗಾಡಿಗಳನ್ನು ನಿಧಾನ ಮಾಡಿಸಿದ್ದೇನೆ. ಸಿಟಿಯವರು ನೋಡ್ಲಿಕ್ಕೆ ಬರ್ತಾರೆ ಅಂದ್ಮೇಲೆ ನಮ್ಮ ರಸ್ತೆ ಚಂದ ಕಾಣ್ಬೇಕಲ್ವಾ? ಉಡುಪಿ–ಕುಂದಾಪುರ ಬಸ್ಸಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವ ನಾನು. ಚೆಕಿಂಗಿನವ ಹತ್ತುವ ದಿನ ಬಸ್ಸು ಹೇಗಿರ್ಬೇಕು ಅಂತ ನಂಗೆ ಯಾರೂ ಹೇಳಿಕೊಡುದು ಬೇಡ."

ಗಾರ್ಗಿಗೆ ನಗು ಬಂತು, ಅರ್ಧದಲ್ಲೇ ನಿಂತಿತು. ಮೈಸೂರಿನ ಅವಳ ಶಾಲೆಯಲ್ಲೂ ಇನ್ಸ್‌ಪೆಕ್ಷನ್ ದಿನ ಮಾತ್ರ ನಲ್ಲಿಯಲ್ಲಿ ನೀರು ಬರುತ್ತಿತ್ತು. "ಅಯ್ಯೋ ಅಂಕಲ್, ಈ ದೇಶದಲ್ಲಿ ಎಲ್ಲ ಉಲ್ಟಾ. ರಸ್ತೆ ಕೆಟ್ಟದಾಗಿ ಕಂಡ್ರೇನೇ ಸೈನ್ ಹಾಕೋದು."

"ಅಂದ್ರೆ ಚಂದ ಮಾಡಿದ್ದಕ್ಕೆ ಫೇಲಾ?"

ಅವಳು ಫಾರಂ ನೋಡಿದಳು. ಆದ ಅಪಘಾತ ಎಷ್ಟು ಎಂಬುದಕ್ಕೆ ಕಾಲಂ ಇತ್ತು. ಅದರಲ್ಲಿ ಸೊನ್ನೆ ಇತ್ತು. ಆಗದೆ ಉಳಿದ ಅಪಘಾತ ಎಷ್ಟು ಎಂಬುದಕ್ಕೆ ಕಾಲಂ ಇರಲಿಲ್ಲ. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು, ಅಲ್ಲೇನಾದರೂ ಇರಬಹುದೇನೋ ಎಂಬಂತೆ.

"ಗುರುವಾರ ವಾಲ್ನಟ್ ಕ್ರೀಕಿನ ಆಸ್ಪತ್ರೆಯಲ್ಲಿ ನನ್ನ ಮೊಣಕಾಲಿನ ಆಪರೇಷನ್ನು," ರಘುರಾಮರು ಹೇಳಿದರು. "ಮೂರು ತಿಂಗಳು ರಸ್ತೆಗೆ ಇಳೀಬಾರ್ದು ಅಂತ ಮಗಳ ಆರ್ಡರು, ಅವಳೇ ಡಾಕ್ಟ್ರು. ನನ್ನ ಬದಲಿ ಡ್ಯೂಟಿಗೆ ಒಂದು ಕಬ್ಬಿಣದ ಕಂಬವಾದ್ರೂ ಬೇಡ್ವಾ?"

"ಒಂದ್ಕೆಲ್ಸ ಮಾಡೋಣ. ಇವತ್ತು ಬೇಡ ಅಂತ ಬರ್ದು ಕೊಡ್ತೀನಿ. ನೀವು ಅಡ್ಮಿಟ್ ಆದ್ಮೇಲೆ ಇನ್ನೊಂದ್ಸಲ ಕೌಂಟ್ ಮಾಡಿಸ್ತೀನಿ. ಆವಾಗ ವಿಸಿಲ್ ಇರಲ್ಲ, ನಿಜವಾದ ನಂಬರ್ ಸಿಗುತ್ತೆ."

"ಆವಾಗ ಯಾವುದಾದ್ರೂ ಮಗುವಿಗೆ ಎಂತಾದ್ರೂ ಆದ್ರೆ?"

"ಆದ್ರೆ ಸೈನ್ ಬರುತ್ತೆ," ಎಂದಳು ಗಾರ್ಗಿ. ಹೇಳಿಬಿಟ್ಟ ಮೇಲೆ, ಆ ಮಾತನ್ನು ತನ್ನ ಬೆನ್ನ ಹಿಂದೆ ನಿಂತ ಬೇರೆ ಯಾರೋ ಆಡಿರಬೇಕು ಎನ್ನಿಸಿತು.

ರಘುರಾಮರು ವಿಸಿಲನ್ನು ಜೇಬಿಗೆ ಹಾಕಿ, ಮೂಲೆಮನೆಯ ಮೋಟುಗೋಡೆಯ ಮೇಲೆ ಕೂತು, ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡರು. "ಮತ್ತೆ ಯಾಕೆ ಗುರುವಾರ? ಈಗಲೇ ನೋಡು. ಶಾಲೆ ಬಿಟ್ಟಾಯ್ತು. ನಾನು ಏಳುದಿಲ್ಲ. ಎಣಿಸು."

ಗಾರ್ಗಿ ಗಾಡಿ ಎಣಿಸುವ ಪುಟ್ಟ ಯಂತ್ರವನ್ನು ತೆಗೆದು ಅಂಗೈಯಲ್ಲಿ ಹಿಡಿದಳು. ಒಂದು ಕಾರು ಇಳಿದು ಹೋಯಿತು, ಗುಂಡಿ ಒತ್ತಿದಳು. ಇನ್ನೊಂದು, ಒತ್ತಿದಳು. ಇಷ್ಟೇ ತಾನೇ ಎಂದುಕೊಳ್ಳುವಷ್ಟರಲ್ಲಿ ಗುಡ್ಡದ ತಿರುವಿನಿಂದ ಬಿಳಿಯ ವ್ಯಾನೊಂದು ಹೊರಬಂತು. ಅದೇ ಹೊತ್ತಿಗೆ ಪುಟ್ಟ ಹುಡುಗಿಯೊಬ್ಬಳು ಹೆಲ್ಮೆಟ್ಟಿನ ಪಟ್ಟಿ ಎಳೆದುಕೊಳ್ಳುತ್ತ, ಒಂಟಿಕಾಲಲ್ಲಿ ಮಕ್ಕಳ ಆಟದ ಸ್ಕೂಟರು ತಳ್ಳುತ್ತ ರಸ್ತೆಗೆ ಇಳಿದಳು. ಗೋಡೆಯ ಮೇಲೆ ರಘುರಾಮರ ತುಟಿಗಳು ವಿಸಿಲಿಲ್ಲದೆಯೇ ದುಂಡಗಾದವು. ಅವರು ಏಳಲಿಲ್ಲ. ಏಳಬಿಡದಿದ್ದದ್ದು ಕೊಟ್ಟ ಮಾತೋ ಮೊಣಕಾಲೋ ಗೊತ್ತಾಗಲಿಲ್ಲ.

ಬ್ರೇಕಿನ ಕಿರುಚು ನಿಂತಾಗ ಗಾರ್ಗಿ ನಡುರಸ್ತೆಯಲ್ಲಿದ್ದಳು, ಬಲಗೈ ಮೇಲೆತ್ತಿಕೊಂಡು. ವ್ಯಾನು ಅವಳಿಂದ ಒಂದು ಮಾರು ದೂರದಲ್ಲಿ ಉಸಿರು ಬಿಡುತ್ತಿತ್ತು. ಹುಡುಗಿ ಅವಳ ಬೆನ್ನ ಹಿಂದಿನಿಂದ "ಥ್ಯಾಂಕ್ಯೂ!" ಎಂದು ಕೂಗಿ ಆಚೆ ದಡ ಸೇರಿದಳು. ಫಾರಂ ವ್ಯಾನಿನ ಚಕ್ರದ ಬಳಿ ಬಿದ್ದಿತ್ತು. ಸೊನ್ನೆ ಸೊನ್ನೆಯಾಗಿಯೇ ಇತ್ತು.

"ಛೆ," ಗೋಡೆಯ ಮೇಲಿಂದ ರಘುರಾಮರ ದನಿ ಬಂತು, "ನೀನೂ ಲೆಕ್ಕ ಕೆಡಿಸಿದ್ಯಲ್ಲ ಮಾರಾಯ್ತಿ."

ವ್ಯಾನಿನ ಹಿಂದೆ ಮತ್ತೊಂದು ಕಾರು ಬಂದು ನಿಂತಿತು, ಅದರ ಹಿಂದೆ ಇನ್ನೊಂದು. ಎತ್ತಿದ ಕೈಯನ್ನು ಯಾವಾಗ ಇಳಿಸಬೇಕೆಂದು ಗಾರ್ಗಿಗೆ ತಿಳಿಯಲಿಲ್ಲ.