ಕೆಂಪು ಹಂಚಿನ ಮನೆ

ಮೇಣದ ಬಣ್ಣವನ್ನು ಉಗುರಿನಿಂದ ಕೆರೆದರೆ ಅದು ಉಗುರಿನ ಸಂದಿಗೆ ಸೇರುತ್ತದೆ, ಕಾಗದವನ್ನು ಮಾತ್ರ ಪೂರ್ತಿ ಬಿಡುವುದಿಲ್ಲ. ಅದರ ವಾಸನೆ ಬಂದರೆ ಈಗಲೂ ನನಗೆ ನಮ್ಮೂರು ಗೊಳಸಂಗಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಮರುದಿನ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೊರಡುವವಳಿದ್ದಳು. "ನಮ್ಮ ಮನಿ ಚಿತ್ರ ತಗದು ಕೊಡವ್ವ. ಅಲ್ಲಿ ಶೆಡ್ಡಿನ್ಯಾಗ ಹಚ್ಕೋತೇನಿ" ಎಂದಿದ್ದಳು.

ಶಾಲೆಯಲ್ಲಿ ಕೂತು ಚಿತ್ರ ತೆಗೆದೆ. ನಮ್ಮ ಮನೆಯ ಮಣ್ಣು ಮುಚ್ಚಿದ ಚಪ್ಪಟೆ ಮಾಳಿಗೆ, ಅದರ ನಡುವೆ ಬೆಳಕಿಂಡಿ, ಬಾಗಿಲಲ್ಲಿ ಎಮ್ಮೆ. ಪಕ್ಕದ ಹುಡುಗಿಯರು "ಪೆಟಗಿ, ಪೆಟಗಿ" ಎಂದು ನಕ್ಕರು. ಪಾಠ ಹೇಳುವ ಅಕ್ಕೋರು ಬಂದು ನೋಡಿ, "ಮನಿ ಹಿಂಗಿರ್ತೈತೇನ? ಬೋರ್ಡ್ ನೋಡಿ ತಗಿ" ಎಂದು ಹೊಸ ಹಾಳೆ ಕೊಟ್ಟರು. ಬೋರ್ಡಿನ ಮೇಲೆ ಎರಡು ಗುಡ್ಡ, ತೆಂಗಿನ ಮರ, ಇಳಿಜಾರು ಹಂಚಿನ ಮನೆ ಇದ್ದವು. ಅಂಥ ಮನೆಯನ್ನು ನಮ್ಮ ಓಣಿಯಲ್ಲಿ ನಾನು ನೋಡಿರಲಿಲ್ಲ. ಆದರೂ ಹಾಗೆಯೇ ತೆಗೆದು, ಹಂಚಿಗೆ ಒತ್ತಿ ಒತ್ತಿ ಕೆಂಪು ತುಂಬಿದೆ. ಅಕ್ಕೋರು ಚಲೋ ಆಗೈತಿ ಅಂದರು.

ಮನೆಯಲ್ಲಿ ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಹಾಳೆಯನ್ನು ಬಹಳ ಹೊತ್ತು ನೋಡಿದಳು.

"ಭಾಳ ಚಂದ ಐತಿ. ಯಾರ ಮನಿ ಇದು?"

"ನಮ್ದ."

"ಯಾವಾಗ ಕಟ್ಟಿಸಿದ್ಯವ್ವ, ನನಗ ಹೇಳಲಾರ್ದ?" ಎಂದು ಒಲೆಯ ಮುಂದಿದ್ದ ಅಜ್ಜಿ ನಕ್ಕಳು. ಅವ್ವ ನಗಲಿಲ್ಲ. ಹಾಳೆಯನ್ನು ಗೋಡೆಯ ಗೂಡಿನಲ್ಲಿಟ್ಟು ರೊಟ್ಟಿ ಬಡಿಯಲು ಕೂತಳು.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವಳ ಬಸ್ಸು ಹೋಗಿತ್ತು. ಹಾಳೆ ಗೂಡಿನಲ್ಲೇ ಇತ್ತು. ಬೆಳಕಿಂಡಿಯಿಂದ ನೆಲಕ್ಕೆ ಬಿದ್ದ ಬಿಸಿಲಿನಲ್ಲಿ ಕೂತು, ಆ ಕೆಂಪು ಹಂಚನ್ನು ಕಾಗದ ಹರಿಯುವವರೆಗೂ ಉಗುರಿನಿಂದ ಕೆರೆದೆ.