ಎಷ್ಟು ಜನ ಕೂರ್ತೀರಿ?

ರಿಪೇರಿ ಶೆಡ್ಡಿನಲ್ಲಿ ಮೇಸ್ತ್ರಿ ಮರದ ಸುತ್ತಿಗೆಯಿಂದ ದೋಣಿಯ ಹೊಟ್ಟೆಯನ್ನು ಮೆಲ್ಲಗೆ ತಟ್ಟುತ್ತ ಬಂದ. ಟಣ್, ಟಣ್, ಟಣ್. ಮೂತಿಯ ಹತ್ತಿರದ ಬಿರುಕು ದಾಟಿ ನಡುಭಾಗಕ್ಕೆ ಬರುತ್ತಲೇ ಸದ್ದು ಬದಲಾಯಿತು. ಡಬ್.

"ಕೇಳಿಸ್ತಾ? ಫೈಬರ್ ಗಟ್ಟಿಯಿದ್ರೆ ಟಣ್ ಅನ್ನಬೇಕು. ಡಬ್ ಅಂದ್ರೆ ಒಳಗೆ ಪದರ ಬಿಟ್ಕೊಂಡಿದೆ ಅಂತ."

"ನಮ್ಮನೆಯವರ ತಲೇನೂ ಒಂದ್ಸಲ ತಟ್ಟಿ ನೋಡಿ," ಎಂದಳು ಹೆಂಡತಿ. "ಇದನ್ನ ಕೊಂಡ್ಕೊಂಡು ಬಂದಾಗಿಂದ ಅಲ್ಲೂ ಡಬ್ ಅಂತಾನೇ ಇದೆ."

ಮೇಸ್ತ್ರಿ ನಕ್ಕುಬಿಟ್ಟ. ಗಂಡ ನಗಲಿಲ್ಲ. ರಿಟೈರಾದ ಬಸ್ ಡ್ರೈವರ್ ಆತ, ಮಾತು ಮೊದಲೇ ಕಮ್ಮಿ. ಮಂಡಿಯೂರಿ ಕೂತು ಬಿರುಕಿನ ಉದ್ದಕ್ಕೂ ಬೆರಳಾಡಿಸುತ್ತಿದ್ದ. ಅಷ್ಟು ನಯವಾಗಿ ತನ್ನನ್ನು ಮುಟ್ಟಿ ಯಾವ ಕಾಲವಾಯಿತೋ ಎಂದು ಅವಳು ಲೆಕ್ಕ ಹಾಕಿದಳು. ಈ ವಯಸ್ಸಿನಲ್ಲಿ ಸವತಿ, ಅದೂ ಸೆಕೆಂಡ್ ಹ್ಯಾಂಡು!

ಪುಣ್ಯಾತ್ಮ ಇಡೀ ಸರ್ವೀಸು ಒಂದೇ ರೂಟಿನಲ್ಲಿ ಸವೆಸಿದ್ದ. ತವರಿಗೆ ಹೋಗುವಾಗಲೆಲ್ಲ ಅವಳು ಅವನ ಬಸ್ಸನ್ನೇ ಕಾದು ಹತ್ತಿ, ಅವನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಕಾಣುತ್ತಿದ್ದದ್ದು ಅವನ ಕುತ್ತಿಗೆ ಮಾತ್ರ. ಮಾತಾಡಿಸಿದರೆ ತಿರುಗದೆ ತಲೆಯ ಮೇಲಿನ ಬೋರ್ಡಿನ ಕಡೆ ಬೆರಳು ತೋರಿಸುತ್ತಿದ್ದ: 'ಚಾಲಕರೊಂದಿಗೆ ಮಾತನಾಡಬಾರದು.' ಮನೆಗೆ ಬಂದರೋ, ಉಂಡವನೇ ಮಲಗುತ್ತಿದ್ದ. ರಿಟೈರಾಗಲಿ, ಆಮೇಲೆ ಮಾತಾಡಿಕೊಂಡಿರೋಣ ಎಂದು ಅವಳು ಕಾದಳು. ರಿಟೈರಾದ. ಮಾತಿನ ಬದಲು ದೋಣಿ ತಂದ. "ಸ್ಟಾಪಿಲ್ಲದ ಕಡೆ ಒಂದ್ಸಲ ಹೋಗಬೇಕು" ಎಂದನೇ ಹೊರತು, 'ನೀನೂ ಬಾ' ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅವಳೇನು ಕಮ್ಮಿಯೇ? ನೀರು ಕಂಡರೆ ನನಗಾಗದು ಎಂದು ಅಕ್ಕಪಕ್ಕದವರಿಗೆಲ್ಲ ಸಾರಿಕೊಂಡು ಬಂದಳು. ಒಳಗೊಳಗೇ ಮಾತ್ರ, ಒಮ್ಮೆ ಕರೆಯಬಾರದೇ ಎಂದು ಜೀವ ಹಂಬಲಿಸುತ್ತಿತ್ತು.

ಮೇಸ್ತ್ರಿ ದೋಣಿ ಹತ್ತಿ, ತಳದ ಮುಚ್ಚಳ ತೆಗೆದು, ಒಳಗಿನ ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿದ. ಅದು ಹಿಡಿಯವರೆಗೂ ಇಳಿಯಿತು.

"ಹೊರಗಿನ ಬಿರುಕು ದೊಡ್ಡದಲ್ಲ. ಸುತ್ತ ಉಜ್ಜಿ, ಫೈಬರ್ ಬಟ್ಟೆ ಕೂರಿಸಿ, ರೆಸಿನ್ ಅಂಟು ಬಳಿದ್ರೆ ಮುಗೀತು. ತಾಪತ್ರಯ ಇರೋದು ತಳದಲ್ಲಿ. ಮರ ನೀರು ಕುಡಿದು ಲಡ್ಡಾಗಿದೆ." ಮೇಸ್ತ್ರಿ ಕೈ ಒರೆಸಿಕೊಂಡ. "ಇದರಲ್ಲಿ ಎಷ್ಟು ಜನ ಕೂರ್ತೀರಿ?"

"ಯಾಕೆ?" ಎಂದ ಡ್ರೈವರ್.

"ಒಬ್ರೇ ಆದ್ರೆ, ಬಿರುಕು ಮುಚ್ಚಿ ತಳಕ್ಕೆ ಆಸರೆ ಕೊಟ್ಬಿಡ್ತೀನಿ. ದಡ ಬಿಟ್ಟು ದೂರ ಹೋಗದಿದ್ರೆ ಈ ಸೀಸನ್ನಿಗೇ ನೀರಿಗಿಳಿಸಬಹುದು. ಇಬ್ರು ಅಂದ್ರೆ ತಡೆಯಲ್ಲ. ತಳ ಪೂರ್ತಿ ಕಿತ್ತು, ಒಣಗಿಸಿ, ಹೊಸ ಮರ ಹಾಕಬೇಕು. ಅದು ಮುಂದಿನ ವರ್ಷದ ಮಾತು."

ಮುಂದಿನ ವರ್ಷ! ಗಂಡನ ನೋಟ ಅಂಚಿನಿಂದ ಕಿರಿದಾಗುತ್ತಿದೆ, ಮುಂದಿನ ವರ್ಷ ಎಷ್ಟು ಉಳಿದಿರುತ್ತದೋ ಹೇಳಲಾಗದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅದನ್ನು ಕೇಳಿ ಬಂದ ವಾರವೇ ಅವನು ದೋಣಿ ಕೊಂಡದ್ದು. ಈಗಲೇ ಹೋಗಿ ಬರಲಿ, ಕಣ್ತುಂಬ ನೋಡಿಕೊಳ್ಳಲಿ. ತನ್ನ ಆಸೆಯದೇನು ಮಹಾ. "ಒಬ್ಬರಿಗೇ" ಎನ್ನಲು ಅವಳು ಬಾಯಿ ತೆರೆದಳು.

"ಇಬ್ರು," ಎಂದ ಡ್ರೈವರ್.

"ಯಾರ್ರೀ ಇನ್ನೊಬ್ಬರು?" ಎಂದಳು. ಅವಳ ದನಿ ಅವಳಿಗೇ ವಿಚಿತ್ರವಾಗಿ ಕೇಳಿಸಿತು.

"ಇನ್ಯಾರು? ನೀನು."

"ನನಗೆ ನೀರಂದ್ರೆ ಆಗಲ್ಲ ಅಂತ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಇಷ್ಟು ದಿನ ಕೇಳೋಕೆ ಧೈರ್ಯ ಬರಲಿಲ್ಲ."

ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಬೀಳ ಎಂದುಕೊಂಡಳು ಅವಳು. "ಈಗ ಹಟ ಬೇಡ ಕಣ್ರೀ," ಎಂದಳು ತಗ್ಗಿದ ದನಿಯಲ್ಲಿ. "ನೀವು ಒಬ್ಬರೇ ಹೋಗಿ ನೋಡ್ಕೊಂಡು ಬನ್ನಿ. ಮುಂದಿನ ವರ್ಷ ನಿಮಗೆ ಕಾಣದೇ ಹೋದ್ರೆ?"

"ಕಾಣದೇ ಹೋದ್ರೆ ನೀನು ಓಡಿಸು, ಈಗಿಂದಲೇ ಕಲಿಸ್ತೀನಿ. ಎಲ್ಲಿ ಏನಿದೆ ಅಂತ ನನಗೆ ಹೇಳ್ತಾ ಹೋಗು."

ಮೇಸ್ತ್ರಿ ಕೆಮ್ಮಿ, ಗರಗಸ ತರುವ ನೆಪದಲ್ಲಿ ಆಚೆ ಹೋದ.

"ಹೇಳೋಕೆ ಬರಬೇಕಲ್ಲ ನನಗೆ," ಎಂದು ಸುಮ್ಮನೆ ಸಿಡುಕಿದಳು.

"ಬರುತ್ತೆ. ಎಲ್ಲಿ, ಈಗ ಹೇಳು ನೋಡೋಣ."

ಶೆಡ್ಡಿನ ತೆರೆದ ಬಾಗಿಲಾಚೆ ಸಂಜೆಯ ನೀರು ಹರಡಿಕೊಂಡಿತ್ತು. ಅವಳು ಅವನ ಪಕ್ಕ ಕೂತಳು. ಅವನ ಮುಖ ನೋಡಿದಳು, ಆಮೇಲೆ ನೀರು ನೋಡಿದಳು.

"ನೀರು ಬೂದಿ ಬಣ್ಣ ಇದೆ. ಬಿಸಿಲು ಬಿದ್ದ ಕಡೆ ಮಾತ್ರ ಬೆಳ್ಳಗೆ. ದೂರದಲ್ಲೊಂದು ಹಡಗು, ನಿಂತಿದೆಯೋ ಹೋಗ್ತಿದೆಯೋ ಗೊತ್ತಾಗಲ್ಲ. ಕಂಬದ ಮೇಲೊಂದು ಹಕ್ಕಿ ಕೂತಿದೆ, ನಿಮ್ಮ ಹಾಗೇ ಮೂತಿ ಗಂಟು ಹಾಕ್ಕೊಂಡು."

ಅದೆಲ್ಲ ಅವನಿಗೆ ಇನ್ನೂ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.

"ರೀ, ಹೀಗೆ ಸುಮ್ಮನೆ ಕೂತ್ರೆ ಹೇಗೆ ಹೇಳಲಿ? ಹೂಂ ಅನ್ನಿ."

"ಹೂಂ," ಎಂದ ಅವನು. "ಆಮೇಲೆ?"