ಅರ್ಧ ಮಾತ್ರೆ

ದರ್ಜಿಯ ಕತ್ತರಿ ಕಚಕ್ಕೆಂದಿತು. ಪ್ರಾಸ್ಟೇಟ್ ಮಾತ್ರೆ ಎರಡು ಹೋಳಾಗಿ, ಒಂದು ಹೋಳು ನೆಲಕ್ಕೆ ಹಾರಿತು.

“ಅಪ್ಪಾ, ಇಡೀ ಮಾತ್ರೆ ನುಂಗು ಅಂತ ಡಾಕ್ಟ್ರು ಬಡ್ಕೊಂಡ್ರಲ್ಲ!” ತವರಿಗೆ ಬಂದಿದ್ದ ಮಗಳು ರೇಗಿದಳು.

“ಈಗ ಮೂತ್ರ ಸಲೀಸಾಗಿ ಹೋಗ್ತಿದೆ, ಅರ್ಧ ಸಾಕು. ನನಗೇ ಅಳತೆ ಹೇಳ್ಕೊಡ್ತೀಯಾ?”

“ಅಂಗಿ ಅಳತೆ ತಪ್ಪಿದ್ರೆ ಬಿಚ್ಚಿ ಹೊಲೀತೀಯ. ಇದನ್ನ ಹೇಗೆ ಬಿಚ್ತೀಯ?”

“ಮೊದಲು ಆ ಚೂರು ಎತ್ಕೊಡು. ನನ್ನ ಮಂಡಿ ಬಗ್ಗಲ್ಲ.”

ಅವಳು ಎತ್ತಿಕೊಡುವುದಿರಲಿ, ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ದರ್ಜಿಗೆ ಪಿತ್ತ ನೆತ್ತಿಗೇರಿತು. “ಎತ್ಕೊಟ್ರೆ ನಿನ್ನ ಕೈ ಸವೆದುಹೋಗುತ್ತೇನೇ?”

“ಒಡೆದ ಮಾತ್ರೆ ಯಾರು ಮುಟ್ಟಬಾರದು ಅಂತ ಔಷಧಿ ಅಂಗಡಿಯವರು ಹೇಳಿದ್ರು? ನಿನ್ನ ಎದುರಿಗೇ ಹೇಳಿದ್ರಲ್ಲ!”

“ಬಸುರಿಯರು ಮುಟ್ಟಬಾರದಂತೆ, ಹೊಟ್ಟೇಲಿರೋ ಮಗುವಿಗೆ ತೊಂದರೆಯಂತೆ. ಅದಕ್ಕೂ ನಿನಗೂ ಏನು ಸಂಬಂ…”

ಅವನ ಕಣ್ಣು ಮಗಳ ಹೊಟ್ಟೆಯತ್ತ ಹೊರಳಿತು. ಮಗಳು ಹುಬ್ಬು ಗಂಟಿಕ್ಕಿಕೊಂಡು, ಇಷ್ಟು ಹೊತ್ತು ಬೇಕಾಯಿತೇ ಎಂಬಂತೆ ಅವನನ್ನೇ ನೋಡುತ್ತಿದ್ದಳು.

ದರ್ಜಿ ಕತ್ತರಿಯನ್ನು ಹೊಲಿಗೆ ಯಂತ್ರದ ಖಾನೆಗೆ ತುರುಕಿದ. “ಅಲ್ಲೇ ನಿಲ್ಲು, ಹತ್ರ ಬಂದೀಯ!” ಎಂದು ಗದರುತ್ತ, ಒದ್ದೆ ಬಟ್ಟೆ ಹಿಡಿದು, ಬಗ್ಗದ ಮಂಡಿಗಳೆರಡನ್ನೂ ನೆಲಕ್ಕೂರಿದ.